ಗಾಳಿ ಖಾಲಿಯಾಗಲೆಂದು ಕಾದವರು

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ನೆರೆಹೊರೆಯವರು ನೀರು ಕದ್ದಿದ್ದಾರೆ, ಪಾರ್ಕಿಂಗ್ ಜಾಗ ಕದ್ದಿದ್ದಾರೆ, ಚಪ್ಪಲಿಯ ಮಾತಂತೂ ಬಿಡಿ. ಆದರೆ ಗಾಳಿ ಕದ್ದರೆಂಬ ದೂರು ಹೊತ್ತು ಎದುರು ಮನೆಯ ಗಂಟೆ ಒತ್ತಿದ ಮೊದಲ ಮಹಾಶಯರು ನರಹರಿಯವರು.

ನರಹರಿಯವರು ಒಂದು ಬ್ಯಾಂಕಿನ ಅಧಿಕಾರಿ. ಊರು ಹುಬ್ಬಳ್ಳಿ. ಎರಡು ಮೂರು ವರ್ಷದ ಮಟ್ಟಿಗೆಂದು ಆಂಧ್ರಕ್ಕೆ ಬಂದಾಗ ಮಗಳು ಅರ್ಪಿತಾ ಅಂಬೆಗಾಲಿಡುತ್ತಿದ್ದಳು. ಈಗ ಅವಳು ಎಂಜಿನಿಯರಿಂಗ್ ಮುಗಿಸಿದ್ದಾಳೆ, ಅಪ್ಪನನ್ನು ‘ನಾನ್ನಾ’ ಎನ್ನುತ್ತಾಳೆ, ತೊಪ್ಪಲ ಪಲ್ಯವನ್ನು ‘ಆಕುಕೂರ’ ಎನ್ನುತ್ತಾಳೆ. ಹೆಂಡತಿ ವೇದವತಿಯವರು ಮಾತ್ರ ವರ್ಷಾ ವರ್ಷಾ ಯುಗಾದಿಗೆ ಬೇವು-ಬೆಲ್ಲ ಕೈಗಿಡುವಾಗ, “ಮುಂದಿನ ಯುಗಾದಿ ಹುಬ್ಬಳ್ಳ್ಯಾಗ” ಎನ್ನುವುದನ್ನು ಬಿಟ್ಟಿಲ್ಲ. ಬೇವಿನ ಪಾಲು ಪ್ರತಿ ವರ್ಷ ತಪ್ಪದೆ ಸಿಕ್ಕಿದೆ.

ಗಾಳಿಯ ಗಲಾಟೆ ಶುರುವಾದದ್ದು ಹೀಗೆ. ನರಹರಿಯವರು ನಾಲ್ಕು ಕೊಂಬಿನ ಹೊಸ ವೈಫೈ ರೂಟರ್ ತಂದರು. ತಂದು, ಬಂದವರಿಗೆಲ್ಲ ಮನೆಗೆ ಎತ್ತು ತಂದವರಂತೆ ಅದರ ಕೊಂಬು ಮುಟ್ಟಿಸಿ ತೋರಿಸಿದರು. ಅದೇ ಸಂಜೆ ವೇದವತಿಯವರು ಹುಬ್ಬಳ್ಳಿಯ ಅಕ್ಕನ ಜೊತೆ ವಿಡಿಯೋದಲ್ಲಿ ಮಾತಾಡುತ್ತಿರುವಾಗ ಅಕ್ಕನ ಮುಖ ಬಾಯಿ ತೆರೆದಲ್ಲೇ ನಿಂತುಹೋಯಿತು. ಅಕ್ಕ ಬಾಯಿ ತೆರೆಯುವುದು ಆ ಮನೆಗೆ ಹೊಸದಲ್ಲ. ತೆರೆದ ಬಾಯಿಂದ ಶಬ್ದ ಬಾರದಿದ್ದುದು ಹೊಸದು.

ನರಹರಿಯವರು ಫೋನಿನಲ್ಲಿ ಹುಡುಕಿ ನೋಡಿದರೆ ಗಾಳಿಯ ತುಂಬ ಎದುರು ಮನೆಯ ಗಂಗಾಭವಾನಿಯವರ ವೈಫೈ. ಆಕೆ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ಲಿಫ್ಟ್ ಕೆಟ್ಟರೂ ಕೆಡದಿದ್ದರೂ ಸುತ್ತೋಲೆ ಹೊರಡಿಸುವ ಹೆಂಗಸು.

“ಗಂಗಾಭವಾನಿಗಾರು, ನಿಮ್ಮ ವೈಫೈ ನಮ್ಮ ಮನೆಯೊಳಗೆ ಬಂದು ಕೂತಿದೆ,” ಎಂದರು ನರಹರಿಯವರು ತಮ್ಮ ಹುಬ್ಬಳ್ಳಿ ತೆಲುಗಿನಲ್ಲಿ.

“ಅಯ್ಯೋ, ಬಂದರೆ ಕಾಫಿ ಕೊಟ್ಟು ಕಳಿಸಿ ಅಂಡಿ.”

“ಹಾಸ್ಯ ಅಲ್ಲ. ನಮ್ಮ ಪಾಲಿನ ಗಾಳಿಯನ್ನು ನೀವು ತುಂಬಿಸಿಬಿಟ್ಟಿದ್ದೀರಿ.”

“ಗಾಳಿಗೆ ಯಾವತ್ತು ಮೇಂಟೆನೆನ್ಸ್ ಕಟ್ಟಿದ್ದೀರಿ? ರಸೀದಿ ಇದ್ದರೆ ತನ್ನಿ, ಅಳೆದು ಕೊಡುತ್ತೇನೆ.” ಬಾಗಿಲು ಮುಚ್ಚಿತು.

ಅವಮಾನಿತರಾಗಿ ಮರಳಿದ ಅಪ್ಪನನ್ನು ಕೂಡಿಸಿ ಅರ್ಪಿತಾ ತನ್ನ ಮುಕ್ಕಾಲು ತೆಲುಗಿನಲ್ಲಿ ಪಾಠ ಹೇಳಿದಳು, ಇಲ್ಲಿರುವುದು ಅದರ ಕನ್ನಡ. ಓದಿದ ಮಕ್ಕಳು ಅಪ್ಪಂದಿರಿಗೆ ಪಾಠ ಹೇಳುವುದರಿಂದ ಈ ದೇಶದಲ್ಲಿ ಆಗಿರುವ ಅನಾಹುತಗಳನ್ನು ಯಾರೂ ಬರೆದಿಟ್ಟಿಲ್ಲ.

“ನಾನ್ನಾ, ಕೊಂಬು ಎಷ್ಟಿದ್ರೇನು, ಗಾಳಿ ಒಂದೇ ಕದಾ? ಎಲ್ಲಾರ ರೂಟರೂ ಒಂದೇ ದಾರೀ ಮ್ಯಾಲೆ ಮಾತಾಡ್ತಾವ. ಇಬ್ಬರು ಒಮ್ಮೆಲೆ ಬಾಯಿ ತಗದ್ರ ಡಿಕ್ಕಿ, ಎರಡೂ ಮಾತು ಹಾಳು. ಅದಕ್ಕ ಅವು ಮೊದಲು ಕಿವಿ ಕೊಡ್ತಾವ. ಯಾರರ ಮಾತಾಡ್ಲಿಕತ್ತಿದ್ರ ಸುಮ್ಮನಿರ್ತಾವ.”

“ಭಾಳ ಸಂಸ್ಕಾರವಂತ ಮಷೀನು,” ಎಂದರು ನರಹರಿಯವರು.

“ಮಾತು ಮುಗದ ಕೂಡ್ಲೇ ಬಾಯಿ ತಗ್ಯಂಗಿಲ್ಲ ಮತ್ತ. ಕಾಯಕೋತ ಕುಂತವರೆಲ್ಲಾ ಒಮ್ಮೆಲೆ ಶುರು ಮಾಡಿದ್ರ ಮತ್ತ ಡಿಕ್ಕಿನೇ. ಅದಕ್ಕ ಒಂದೊಂದೂ ಮನಸ್ಸಿಗೆ ಬಂದ ನಂಬರ್ ಒಂದು ಹಿಡೀತದ. ಹಿಂದಕ್ಕ ಎಣಿಸ್ತದ. ಸೊನ್ನೆಗೆ ಬಂದಾಗ ಮಾತಾಡ್ತದ. ನಡುವ ಬ್ಯಾರೆಯವರು ಮಾತಾಡಿದ್ರ ಎಣಿಕಿ ಅಲ್ಲೇ ನಿಲ್ಲಸ್ತದ, ಅವರದು ಮುಗದ ಮ್ಯಾಲೆ ಅಲ್ಲಿಂದ ಮುಂದುವರಿಸ್ತದ. ಇಷ್ಟಾದ್ರೂ ಡಿಕ್ಕಿ ಆತಂದ್ರ, ಮುಂದಿನ ಸಲ ಎರಡು ಪಟ್ಟು ಕಾಯ್ತದ.”

“ಇಷ್ಟೆಲ್ಲಾ ಯಾಕ? ಮೊದಲೇ ಕೇಳಿಬಿಟ್ರ?”

“ಅದೂ ಅದ. ‘ಮಾತಾಡ್ಲಾ’ ಅಂತ ಸಣ್ಣಗ ಕೇಳತದ. ‘ಮಾತಾಡು’ ಅಂತ ಉತ್ತರ ಬಂದ್ರ ಅದನ್ನ ಕೇಳಿಸಿಕೊಂಡವರೆಲ್ಲಾ ಸುಮ್ಮನಾಗ್ತಾರ.”

ನರಹರಿಯವರು ಎದ್ದು ನಿಂತರು. ಅವರ ಮುಖದ ಮೇಲೆ, ಬೋಧಿವೃಕ್ಷದ ಕೆಳಗೆ ಕೂತವರಿಗೂ ಸ್ವಲ್ಪ ತಡವಾಗಿ ಬಂದಿರಬಹುದಾದಂಥ ಒಂದು ಬೆಳಕು ಬಂದಿತ್ತು. ಅವರು ಕಪಾಟಿನಲ್ಲಿದ್ದ ಮಗಳ ಹಳೆಯ ಲೂಡೋ ಡಬ್ಬಿಯಿಂದ ದಾಳ ತೆಗೆಯಲು ಒಳಗೆ ಹೋದರು. ಹಿಂದಿನಿಂದ ಅರ್ಪಿತಾ, “ಆದ್ರ ನಾನ್ನಾ, ಇದೆಲ್ಲಾ ಸೆಕೆಂಡಿನ ಸಾವಿರದಾಗ ಒಂದು ಪಾಲಿನೊಳಗ ಮುಗದ ಹೋಗತದ” ಎಂದದ್ದು ಅವರ ಕಿವಿಗೆ ಬೀಳಲಿಲ್ಲ. ಕಿವಿಗೊಡುವ ವಿದ್ಯೆಯನ್ನು ಅವರು ಆಗಷ್ಟೇ ಕಲಿತಿದ್ದರು. ಅಭ್ಯಾಸ ಇನ್ನೂ ಆಗಿರಲಿಲ್ಲ.

ಈ ವಿದ್ಯೆ ಅವರಿಗೆ ಅಷ್ಟು ನಾಟಿದ್ದಕ್ಕೆ ಕಾರಣವಿತ್ತು. ಅವರ ಬ್ಯಾಂಕಿನ ವಲಯ ಕಚೇರಿ ವಿಜಯವಾಡದಲ್ಲಿದೆ. ಕರ್ನಾಟಕಕ್ಕೆ ಹೋಗಲು ಬಯಸುವವರ ಅರ್ಜಿಗಳು ಅಲ್ಲಿ ಕಪಾಟಿನಲ್ಲಿ ನೆಮ್ಮದಿಯಾಗಿ ಮಲಗಿರುತ್ತವೆ. ಅವನ್ನು ಯಾರೂ ಎಬ್ಬಿಸುವುದಿಲ್ಲ. ವರ್ಷಕ್ಕೊಮ್ಮೆ ಜನರಲ್ ಮ್ಯಾನೇಜರ್ ಎಲ್ಲರನ್ನೂ ಒಂದು ಹೋಟೆಲಿನ ಹಾಲಿಗೆ ಕರೆದು ಊಟ ಹಾಕಿಸುತ್ತಾರೆ. ಅಲ್ಲಿ ಎದ್ದು ನಿಂತು, ಬಾಯಿ ಬಿಟ್ಟು ಕೇಳಿದವರದ್ದೇ ಲೆಕ್ಕ. ವರ್ಷಕ್ಕೆ ಒಬ್ಬರನ್ನು ಮಾತ್ರ ಬಿಡುವುದು ಅಲ್ಲಿನ ಪದ್ಧತಿ. ಕಳೆದ ವರ್ಷ ನರಹರಿಯವರು ‘ಹುಬ್ಬಳ್ಳಿ’ ಎಂದ ಗಳಿಗೆಯಲ್ಲೇ ಮೈಸೂರಿನ ಧನಂಜಯ ‘ಮೈಸೂರು’ ಎಂದ. ಸಾಹೇಬರಿಗೆ ಎರಡೂ ಕೇಳಿಸದೆ ಇಬ್ಬರನ್ನೂ ಕೂರಿಸಿದರು.

“ಡಿಕ್ಕಿ!” ಎಂದು ನರಹರಿಯವರು ದಾಳ ಹಿಡಿದು ಹೊರಗೆ ಬಂದರು. “ವೇದಾ, ಹೋದ ವರ್ಷ ಆದದ್ದು ಡಿಕ್ಕಿ. ಈ ಸಲ ಶಾಸ್ತ್ರೋಕ್ತ ಮಾತಾಡ್ತೇನಿ.”

“ಶಾಸ್ತ್ರ ಸುಡ್ರಿ. ಬಾಯಿ ಬಿಟ್ಟು ಹುಬ್ಬಳ್ಳಿ ಅನ್ರಿ, ಸಾಕು.”

ವಿದ್ಯೆಯ ಮೊದಲ ಪ್ರಯೋಗ ಆ ಭಾನುವಾರದ ಸಂಘದ ಸಭೆಯಲ್ಲಿ ನಡೆಯಿತು. ಹೊಸ ಜನರೇಟರನ್ನು ನರಹರಿಯವರ ಮಲಗುವ ಕೋಣೆಯ ಕಿಟಕಿ ಕೆಳಗೆ ಇಡಬೇಕೆಂದು ಗಂಗಾಭವಾನಿಯವರ ಸೂಚನೆ. ಅದನ್ನು ವಿರೋಧಿಸಲು ನರಹರಿಯವರು ಮುಷ್ಟಿಯಲ್ಲಿ ದಾಳ ಬಿಗಿಹಿಡಿದು ಮೊದಲ ಸಾಲಿನಲ್ಲಿ ಕೂತರು. ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಗೋಪಾಲಕೃಷ್ಣಗಾರು ಮಾತಾಡುತ್ತಿದ್ದರು. ಅವರು ಉಸಿರು ತೆಗೆದುಕೊಳ್ಳಲು ನಿಂತಾಗ ನರಹರಿಯವರು ಅಂಗೈಯಲ್ಲಿ ದಾಳ ಉರುಳಿಸಿದರು. ಆರು ಬಿತ್ತು. ಆರು, ಐದು, ನಾಲ್ಕು ಎಂದು ಒಂದೊಂದು ಉಸಿರಿಗೆ ಒಂದೊಂದು ಸಂಖ್ಯೆಯಂತೆ ಇಳಿಯತೊಡಗಿದರು. ಗೋಪಾಲಕೃಷ್ಣಗಾರು ಕೆಮ್ಮಿದರು. ಎಣಿಕೆ ನಿಂತಿತು. ಕೆಮ್ಮು ಮುಗಿದು ಮೂರಕ್ಕೆ ಬರುವಷ್ಟರಲ್ಲಿ ಮತ್ತಾರೋ ನೀರಿನ ಟ್ಯಾಂಕಿನ ಬಗ್ಗೆ ಶುರು ಮಾಡಿದರು.

“ಜನರೇಟರ್ ವಿಷಯದಲ್ಲಿ ಯಾರದಾದರೂ ಆಕ್ಷೇಪಣೆ?” ಎಂದು ಗಂಗಾಭವಾನಿಯವರು ಕೊನೆಗೆ ಕೇಳಿದರು. ಅವರ ಕಣ್ಣು ನೇರ ನರಹರಿಯವರ ಮೇಲೆ. ಜಗಳಕ್ಕೆ ಆಕೆ ಸೆರಗು ಸಿಕ್ಕಿಸಿಕೊಂಡೇ ಬಂದಿದ್ದರು.

ನರಹರಿಯವರು ಎರಡರಲ್ಲಿದ್ದರು. ಕಣ್ಣು ಅರೆಮುಚ್ಚಿ, ತುಟಿ ಮಾತ್ರ ಅಲ್ಲಾಡಿಸುತ್ತಿದ್ದರು.

“ಜಪ ಮಾಡುತ್ತಿದ್ದಾರೆ, ಪಾಪ,” ಎಂದರು ಗೋಪಾಲಕೃಷ್ಣಗಾರು.

“ಪಾಸ್,” ಎಂದರು ಗಂಗಾಭವಾನಿ. ಆಮೇಲೆ ಎಲ್ಲರೆದುರು, “ನರಹರಿಗಾರು ಎಷ್ಟು ಮಾರಿಪೋಯಾರು! ದೊಡ್ಡ ಮನುಷ್ಯರು ಅಂಡಿ,” ಎಂದು ಹೊಗಳಿದರು. ಎಷ್ಟು ಬದಲಾದರು ಎಂಬ ಈ ಮೆಚ್ಚುಗೆಯನ್ನು ಎತ್ತಿಕೊಂಡು ನರಹರಿಯವರು ಮನೆಗೆ ಬಂದರು.

“ಇಡೀ ಮೀಟಿಂಗಿನ್ಯಾಗ ನಂದೊಂದೂ ಡಿಕ್ಕಿ ಆಗಲಿಲ್ಲ, ವೇದಾ.”

“ಡಿಕ್ಕಿ ಆಗಲಿಲ್ಲ ಖರೆ. ಜನರೇಟರ್ ಬಂತಲ್ಲ?”

ತಮ್ಮ ಮಾತು ಯಾರಿಗೂ ಮುಟ್ಟಲೇ ಇಲ್ಲವೆಂಬುದು ಅವರ ವಿಜಯದ ಲೆಕ್ಕದಲ್ಲಿ ಬರಲಿಲ್ಲ. ಒಂದು ಸಿದ್ಧಾಂತ ಹಿಡಿದ ಗಂಡಸಿಗೆ ಫಲಿತಾಂಶ ತೋರಿಸುವುದು ಕುರುಡನಿಗೆ ಕನ್ನಡಿ ಹಿಡಿದಂತೆ. ಕನ್ನಡಿಗೂ ಅವಮಾನ.

ವಿಜಯವಾಡದ ಸಭೆಗೆ ವೇದವತಿಯವರೂ ಹೊರಟರು. ಸಭೆ ಮುಗಿಯುವಷ್ಟರಲ್ಲಿ ಮಂಗಳಗಿರಿಗೆ ಹೋಗಿ ಹುಬ್ಬಳ್ಳಿಯ ಅಕ್ಕಂದಿರಿಗೆ, ನಾದಿನಿಯರಿಗೆ ಸೀರೆ ತರುವುದೆಂದು ಅವರ ಏರ್ಪಾಟು. ಬರಿಗೈಲಿ ಊರಿಗೆ ಮರಳುವುದು ಅವರ ವಂಶದಲ್ಲಿ ಇಲ್ಲ. ಈ ವರ್ಷ ಹಳೆಯ ಸಾಹೇಬರ ಜಾಗಕ್ಕೆ ಮೇಡಂ ಒಬ್ಬರು ಬಂದಿದ್ದರು. ರೈಲಿನಲ್ಲಿ ನರಹರಿಯವರು ಅವರೆದುರು ಆಡಬೇಕಾದ ಭಾಷಣ ಒಪ್ಪಿಸಿದರು:

“ಮೇಡಂ, ನಿಮ್ಮ ವಲಯದಲ್ಲಿ ದುಡಿಯುವುದು ನನ್ನ ಪೂರ್ವಜನ್ಮದ ಪುಣ್ಯ. ಇಲ್ಲಿಯೇ ನಿವೃತ್ತನಾದರೂ ನನಗೆ ಬೇಸರವಿಲ್ಲ. ಆದರೆ, ಮನೆಯ ಪರಿಸ್ಥಿತಿಯ ಕಾರಣದಿಂದ ಹುಬ್ಬಳ್ಳಿಗೆ—”

“ಮೊದಲನೇದು ಎರಡನೇದು ಕಿತ್ತು ಒಗೀರಿ. ‘ಆದರೆ’ದಿಂದ ಶುರು ಮಾಡ್ರಿ.”

“ಹಂಗ ನಡ್ಯಂಗಿಲ್ಲ ವೇದಾ. ಮೊದಲು ಹೊಗಳಬೇಕು, ಎಲ್ಲಾರೂ ಚಪ್ಪಾಳಿ ಹೊಡೀಬೇಕು, ಆಮ್ಯಾಲೆ ಕೇಳಬೇಕು.”

ಅದು ನಿಜವೇ. ಮೇಲಿನವರನ್ನು ಯಾರಾದರೂ ಹೊಗಳಿದರೆ ಆ ವಲಯದಲ್ಲಿ ಚಪ್ಪಾಳೆ ತಟ್ಟದೆ ಕೂತವರು ಮುಂದೆ ಯಾವ ಊರಿನ ಹವೆ ಕುಡಿಯಬೇಕಾಗುತ್ತದೆಂದು ಎಲ್ಲರಿಗೂ ಗೊತ್ತು.

ಹೋಟೆಲಿನ ಸಭಾಂಗಣದಲ್ಲಿ ಧನಂಜಯ ಸಿಕ್ಕಿದ. “ಏನ್ ಸಾರ್, ಈ ಸಲಾನೂ ಹುಬ್ಳೀನಾ? ನೀವೇ ಮೊದ್ಲು ಮಾತಾಡಿ ಸಾರ್, ಹಿರಿಯರು. ನಾನ್ ಏನಿದ್ರೂ ಆಮೇಲೆ.” ಮೈಸೂರಿನ ಈ ವಿನಯ ಬಲು ಮೆತ್ತಗಿರುತ್ತದೆ. ಹೆಜ್ಜೆ ಇಟ್ಟವರು ಮಂಡಿಯವರೆಗೆ ಹೂತುಹೋಗುತ್ತಾರೆ. ಧನಂಜಯ ಹೋಗಿ ಒಂದು ಕಂಬದ ಹಿಂದೆ ಕೂತ.

ಹೊಸ ಜನರಲ್ ಮ್ಯಾನೇಜರ್ ರಾಜ್ಯಶ್ರೀ ಮೇಡಂ ಮಾತು ಆರಂಭಿಸಿದರು. ಮುಗಿಸುವ ಯಾವ ಸೂಚನೆಯೂ ಇರಲಿಲ್ಲ. ಆಕೆ ನೀರು ಕುಡಿಯಲು ನಿಂತಾಗಲೆಲ್ಲ ಎಲ್ಲ ಸಾಲುಗಳಿಂದ ‘ಮೇಡಂ ಮೇಡಂ’ ಎಂದು ಏಳುತ್ತಿದ್ದರು. ಗುಂಟೂರು ಬೇಕೆನ್ನುವವರು, ಇಬ್ರಾಹಿಂಪಟ್ನಂ ಬೇಡವೆನ್ನುವವರು, ಮೊಣಕಾಲು ತೋರಿಸುವವರು, ಅತ್ತೆಯ ಎಕ್ಸ್‌ರೇ ತೋರಿಸುವವರು. ಈ ಅನಾಗರಿಕರ ನಡುವೆ ನರಹರಿಯವರೊಬ್ಬರೇ ಕಿವಿಗೊಟ್ಟು ಕೂತಿದ್ದರು. ಕೊನೆಗೆ ಶಾಸ್ತ್ರದಲ್ಲಿ ಹೇಳಿದ ಇನ್ನೊಂದು ಉಪಾಯ ಹಿಡಿದು ಮೆಲ್ಲನೆ ಕೈಯೆತ್ತಿದರು. ‘ಮಾತಾಡಲೇ?’

ಮೇಡಂ ನೋಡಿದರು. ‘ಮಾತಾಡಿ’ ಎಂದು ತಲೆಯಾಡಿಸಿದರು. ಇಲ್ಲಿಗೆ ಶಾಸ್ತ್ರದ ಪ್ರಕಾರ ಉಳಿದವರೆಲ್ಲ ಸುಮ್ಮನಾಗಬೇಕು. ಆದರೆ ಕಂಬದ ಹಿಂದಿದ್ದ ಧನಂಜಯನಿಗೆ ನರಹರಿಯವರ ಕೈ ಕಾಣುತ್ತಿರಲಿಲ್ಲ, ಮೇಡಂ ತಲೆಯಾಡಿಸಿದ್ದು ಮಾತ್ರ ಕಂಡಿತು. ಅದು ತನಗೇ ಎಂದು ತಿಳಿದು ಆತ ಎದ್ದು ನಿಂತು ಮೈಸೂರಿನಲ್ಲಿರುವ ತನ್ನ ತಾಯಿಯ ಮಂಡಿನೋವಿನಿಂದ ಹಿಡಿದು ಚಾಮುಂಡಿ ಬೆಟ್ಟದ ಮೆಟ್ಟಿಲುಗಳ ತನಕ ಒಂದೇ ಉಸಿರಿನಲ್ಲಿ ವರದಿ ಒಪ್ಪಿಸಿದ. ಬಾಯಿ ತೆರೆದಿದ್ದ ನರಹರಿಯವರು ಅದನ್ನು ಮುಚ್ಚಿದರು. ನಿಯಮ ನಿಯಮವೇ.

ಧನಂಜಯ ಕೂತಾಗ ನರಹರಿಯವರು ತೊಡೆಯ ಮೇಲೆ ದಾಳ ಉರುಳಿಸಿದರು. ಆರು ಬಿತ್ತು. ಬಿದ್ದ ದಾಳ ತೊಡೆಯಿಂದ ನೆಲಕ್ಕೆ ಹಾರಿ, ಟಕಟಕನೆ ಉರುಳುತ್ತ ಹೋಗಿ ಮೇಡಂ ಅವರ ಚಪ್ಪಲಿಯ ತುದಿಗೆ ತಾಗಿ ನಿಂತಿತು.

ಸಭಾಂಗಣ ಪೂರ್ತಿ ನಿಶ್ಶಬ್ದವಾಯಿತು. ಸಾಲ ವಸೂಲಿಯ ಪ್ರಶ್ನೆ ಬಂದಾಗ ಮಾತ್ರ ಬ್ಯಾಂಕಿನವರಲ್ಲಿ ಮೂಡುವಂಥ ನಿಶ್ಶಬ್ದ ಅದು. ಗಾಳಿ ಖಾಲಿ. ನರಹರಿಯವರು ಆನಂದದಿಂದ ಎಣಿಸತೊಡಗಿದರು. ಆರು. ಐದು. ನಾಲ್ಕು.

“ಯಾರದಿದು?” ಎಂದರು ಮೇಡಂ.

ಎಣಿಕೆ ನಿಂತಿತು. ಎಲ್ಲರ ಕತ್ತೂ ನರಹರಿಯವರತ್ತ ತಿರುಗಿತು.

“ನರಹರಿಗಾರು, ನಿಮ್ಮದೇ? ಏನಾದರೂ ಹೇಳಬೇಕಿತ್ತೇ?”

ನರಹರಿಯವರು ತಾಳಿ ಎಂಬಂತೆ ಒಂದು ಬೆರಳೆತ್ತಿದರು. ಮೂರು.

“ಹೇಳಿ, ಪರವಾಗಿಲ್ಲ.”

ಮತ್ತೆ ನಿಂತಿತು. ಮೇಡಂ ಕೇಳಿದಷ್ಟೂ ಎಣಿಕೆ ನಿಲ್ಲುತ್ತಿತ್ತು. ಎಣಿಕೆ ನಿಂತಷ್ಟೂ ಮೇಡಂ ಕೇಳುತ್ತಿದ್ದರು. ಎರಡಕ್ಕೆ ಬಂದಾಗ, “ಹುಷಾರಿದ್ದೀರಾ?” ಒಂದಕ್ಕೆ ಬಂದಾಗ, “ಯಾರಾದರೂ ನೀರು ಕೊಡಿ ಅವರಿಗೆ.” ಸೊನ್ನೆಗೆ ಬಂದು ನರಹರಿಯವರು “ಮೇಡಂ—” ಎಂದ ಕ್ಷಣಕ್ಕೆ ಹೋಟೆಲಿನವನು ಬಾಗಿಲು ತೆರೆದು, “ಲಂಚ್ ರೆಡಿ ಅಂಡಿ!” ಎಂದ. ಕುರ್ಚಿಗಳೆಲ್ಲ ಒಮ್ಮೆಲೆ ಕಿರುಗುಟ್ಟಿದವು.

ಡಿಕ್ಕಿ ಆದರೆ ಎರಡು ಪಟ್ಟು ಕಾಯಬೇಕು. ನರಹರಿಯವರು ಹನ್ನೆರಡು ಎಂದು ನಿಶ್ಚಯಿಸಿ ಊಟದ ಸಾಲಿನಲ್ಲಿ ನಿಂತರು.

ಅಷ್ಟರಲ್ಲಿ ಮಂಗಳಗಿರಿಯಿಂದ ವೇದವತಿಯವರು ಬಂದರು. ಎರಡೂ ಕೈಯಲ್ಲಿ ಸೀರೆಯ ಚೀಲ. ಗಂಡನ ತಟ್ಟೆಯಲ್ಲಿ ಪುಳಿಹೋರ, ತುಟಿಯ ಮೇಲೆ ಎಣಿಕೆ.

“ಏನಾತ್ರೀ? ಕೇಳಿದ್ರೇನು?”

ನರಹರಿಯವರು ಬೆರಳೆತ್ತಿದರು.

“ಯಾಕ್ರೀ, ಬಾಯಾಗ ಏನ್ ಇಟಗೊಂಡೀರಿ? ಹುಬ್ಬಳ್ಳಿ ಅಂದ್ರೋ ಇಲ್ಲೋ?”

ಹಿಂದಿನಿಂದ ಧನಂಜಯ, “ಸಾರ್ ಏನೂ ಕೇಳ್ಲೇ ಇಲ್ಲ ಅಕ್ಕಾ. ಇಲ್ಲೇ ಖುಷಿಯಾಗಿದಾರೆ ಅನ್ಸುತ್ತೆ,” ಎಂದ, ಅನುಕಂಪದಿಂದ.

ವೇದವತಿಯವರು ಚೀಲಗಳನ್ನು ನೆಲಕ್ಕಿಟ್ಟರು. ಗಾಳಿ ಖಾಲಿ ಇದೆಯೋ ತುಂಬಿದೆಯೋ ನೋಡುವ ಗೊಡವೆಗೆ ಹೋಗಲಿಲ್ಲ. ಮೇಡಂ ಪಕ್ಕದವರ ಜೊತೆ ಮಾತಾಡುತ್ತ ಮೊಸರನ್ನದ ಚಮಚ ಎತ್ತಿದ್ದರು. ಅದು ಬಾಯಿಗೆ ಹೋಗುವ ಮೊದಲೇ ವೇದವತಿಯವರು ಎದುರು ನಿಂತಿದ್ದರು. ತೆಲುಗು, ಕನ್ನಡ, ಬಂದಷ್ಟು ಇಂಗ್ಲಿಷು, ಎಲ್ಲ ಬೆರೆಸಿ ಅವರು ಹೇಳಿದ್ದರ ಸಾರ ಇಷ್ಟು:

“ಮೇಡಂಗಾರು, ನನ್ನ ಮಗಳು ನಮ್ಮವ್ವನ ಜೊತೀಲೆ ಫೋನಿನ್ಯಾಗ ಮಾತಾಡಿದ್ರ ನಡುವ ನಾ ನಿಂತು ಅರ್ಥ ಹೇಳಬೇಕು. ಮುದುಕಿಗೆ ಮೊಮ್ಮಗಳ ಮಾತು ತಿಳ್ಯಂಗಿಲ್ಲ. ನಾ ಬಂಗಾರ ಕೇಳಾಕ ಬಂದಿಲ್ಲ, ಪ್ರಮೋಶನ್ ಕೇಳಾಕ ಬಂದಿಲ್ಲ. ಹುಬ್ಬಳ್ಳಿ ಕೇಳಾಕ ಬಂದೇನಿ. ಈ ಮನಷ್ಯಾ ಕೇಳಂಗಿಲ್ಲ. ಅವರ ಬಾಯಿ ರಿಪೇರಿ ಅದ, ನಂದು ನೆಟ್ಟಗದ.”

ಪಕ್ಕದವರು ನಡುವೆ ಬಾಯಿ ಹಾಕಲು ನೋಡಿದರು. ಆಗಲಿಲ್ಲ. ಮೇಡಂ ತಾವೇ ಎರಡು ಸಲ ಪ್ರಯತ್ನಿಸಿ ಸೋತರು. ಕೊನೆಗೆ ಚಮಚ ಕೆಳಗಿಟ್ಟು ನಕ್ಕುಬಿಟ್ಟರು.

“ಸರಿ ಅಮ್ಮಾ, ಸರಿ. ಅರ್ಥವಾಯಿತು. ಈ ಸಲ ನಿಮ್ಮವರನ್ನೇ—”

ಆ ಗಳಿಗೆಗೆ ಸರಿಯಾಗಿ ನರಹರಿಯವರ ಹನ್ನೆರಡು ಮುಗಿಯಿತು.

ಜೀವನದಲ್ಲಿ ಮೊದಲ ಬಾರಿ ಅವರ ಧ್ವನಿ ಇಡೀ ಹಾಲಿಗೆ ಕೇಳಿಸಿತು. “ಮೇಡಂ, ನಿಮ್ಮ ವಲಯದಲ್ಲಿ ದುಡಿಯುವುದು ನನ್ನ ಪೂರ್ವಜನ್ಮದ ಪುಣ್ಯ! ಇಲ್ಲಿಯೇ ನಿವೃತ್ತನಾದರೂ ನನಗೆ ಬೇಸರವಿಲ್ಲ!”

ಚಪ್ಪಾಳೆ ಸಿಡಿಯಿತು. ತಟ್ಟೆ ಹಿಡಿದವರು ತಟ್ಟೆ ಇಟ್ಟು ತಟ್ಟಿದರು, ಇಡಲಾಗದವರು ಚಮಚದಿಂದ ತಟ್ಟೆಯನ್ನೇ ಬಡಿದರು. ಧನಂಜಯನಂತೂ ನಿಂತು ತಟ್ಟಿದ, ನಿಲ್ಲಿಸದೆ ತಟ್ಟಿದ. ಆ ಸದ್ದಿನೊಳಗೆ ನರಹರಿಯವರ ‘ಆದರೆ’ ಬಂದು ಬಿದ್ದು ಸತ್ತುಹೋಯಿತು. ಅದರ ಹಿಂದೆಯೇ ಬಂದ ಹುಬ್ಬಳ್ಳಿಗೂ ಅದೇ ಗತಿ. ಇನ್ನೊಮ್ಮೆ ಹೇಳಬಹುದಿತ್ತು. ಆದರೆ ಈಗ ಇಪ್ಪತ್ನಾಲ್ಕು ಎಣಿಸಬೇಕಿತ್ತು.

ಮೇಡಂ ಅವರ ಕಣ್ಣು ಒದ್ದೆಯಾಗಿತ್ತು. ಬಂದ ಹೊಸತರಲ್ಲಿ ಇಂಥ ಮಾತು ಯಾರಿಗೆ ಬೇಡ? “ಅಮ್ಮಾ, ನಿಮಗೊಂದು ಬೇಕು, ಅವರಿಗೊಂದು ಬೇಕು. ಬ್ಯಾಂಕಿನಲ್ಲಿ ನೌಕರಿ ಮಾಡುವವರು ಅವರು,” ಎಂದರು. ಊಟವಾದ ಮೇಲೆ ಘೋಷಣೆಯಾಯಿತು. ಮೈಸೂರಿಗೆ ಧನಂಜಯ. ಎಲ್ಲರ ಮಾತು ಮುಗಿಯುವ ತನಕ ಕಾಯಬಲ್ಲ ಏಕೈಕ ಅಧಿಕಾರಿ ನರಹರಿಯವರನ್ನು ಸನ್ಮಾನಪೂರ್ವಕವಾಗಿ ವಿಜಯವಾಡ ವಲಯ ಕಚೇರಿಯ ಕುಂದುಕೊರತೆ ವಿಭಾಗದ ಮುಖ್ಯಸ್ಥರನ್ನಾಗಿ ಮಾಡಲಾಗಿದೆ. ಮತ್ತೆ ಚಪ್ಪಾಳೆ.

ವೇದವತಿಯವರು ಚಪ್ಪಾಳೆ ತಟ್ಟಲಿಲ್ಲ. ಬೈಯಲೂ ಇಲ್ಲ. ಸೀರೆಯ ಚೀಲ ಎತ್ತಿಕೊಂಡರು. ಆ ಹೊತ್ತಿನಿಂದ ಮನೆಯಲ್ಲಿ ಅವರು ಆಡುವ ಮಾತು ‘ಊಟಾತು’, ‘ಗ್ಯಾಸ್ ಬಂತು’ ಇಷ್ಟಕ್ಕೆ ಬಂದು ನಿಂತಿತು. ಗಂಡನಿಗೆ ಇದು ತಮ್ಮ ವಿದ್ಯೆ ಮನೆಯವರಿಗೂ ಹತ್ತಿದ ಲಕ್ಷಣವಾಗಿ ಕಂಡಿತು. ಇಂಥ ಮೌನವನ್ನು ಓದಲು ಬಾರದವರನ್ನು ಯಾವ ಎಂಜಿನಿಯರ್ ಮಗಳೂ ತಿದ್ದಲಾರಳು.

ವಿಜಯವಾಡಕ್ಕೆ ಮನೆ ಬದಲಾಯಿಸಿದ ತಿಂಗಳಲ್ಲೇ ವೇದವತಿಯವರು ಎರಡು ಟ್ರಂಕು ಕಟ್ಟಿದರು. “ಬ್ಯಾಂಕು ಕೊಡದಿದ್ರ ಬಿಡ್ಲಿ. ನನ್ನ ವರ್ಗಾ ನಾನೇ ಮಾಡಕೊಂಡೇನಿ,” ಎಂದರು. ಅರ್ಪಿತಾ ಕೂಡ ಹೊರಟಳು, ಅಜ್ಜಿಯ ಹತ್ತಿರ ಕನ್ನಡ ಕಲಿಯುತ್ತೇನೆಂದು.

ಸ್ಟೇಷನ್ನಿನಲ್ಲಿ ಹುಬ್ಬಳ್ಳಿಯ ರೈಲು ನಿಂತಿತ್ತು. ಕಿಟಕಿಯ ಸರಳುಗಳ ಹಿಂದೆ ವೇದವತಿಯವರು. ಹೊರಗೆ ಪ್ಲಾಟ್‌ಫಾರಂ ಮೇಲೆ ನರಹರಿಯವರು, ಕೈಯಲ್ಲಿ ನೀರಿನ ಬಾಟಲಿ.

“ಏನರ ಹೇಳೂದಿದ್ರ ಈಗ ಹೇಳ್ರಿ,” ಎಂದರು ವೇದವತಿ. “ಒಂದೇ ಮಾತು ಹೇಳ್ರಿ, ಇಳದ ಬಿಡ್ತೇನಿ.”

ನರಹರಿಯವರಿಗೆ ಹೇಳಲಿಕ್ಕಿತ್ತು. ಬಾಯಿ ತೆರೆದರು. ತಲೆಯ ಮೇಲಿನ ಧ್ವನಿವರ್ಧಕ, ‘ದಯಚೇಸಿ ವಿನಂಡಿ’, ದಯವಿಟ್ಟು ಕೇಳಿ, ಎಂದು ತೆಲುಗಿನಲ್ಲಿ ಶುರು ಮಾಡಿತು. ಅವರು ಬಾಯಿ ಮುಚ್ಚಿ ಬೆರಳೆತ್ತಿದರು. ತೆಲುಗು ಮುಗಿಯಿತು, ಹಿಂದಿ ಹಿಡಿಯಿತು. ವೇದವತಿಯವರ ಮುಖ ಸರಳಿಗೆ ಒತ್ತಿಕೊಂಡಿತ್ತು. ಹಿಂದಿ ಮುಗಿದು ಇಂಗ್ಲಿಷ್ ಬಂತು.

“ನಾನ್ನಾ, ಮಾತಾಡು!” ಎಂದು ಅರ್ಪಿತಾ ಒಳಗಿನಿಂದ ಕಿರುಚಿದಳು.

ಅದೂ ಮುಗಿಯಲೆಂದು ಅವರು ಕಾದರು. ರೈಲು ಕೂಗಿತು, ಅಲ್ಲಾಡಿತು, ಹೊರಟಿತು. ಬೋಗಿಗಳು ಒಂದೊಂದಾಗಿ ಕಳೆದುಹೋದವು. ಕೂಲಿಗಳು ಹೋದರು, ಚಹಾದವರು ಮುಂದಿನ ಪ್ಲಾಟ್‌ಫಾರಮ್ಮಿಗೆ ದಾಟಿದರು. ಧ್ವನಿವರ್ಧಕವೂ ಸುಮ್ಮನಾಯಿತು.

ನರಹರಿಯವರು ಅತ್ತಿತ್ತ ನೋಡಿ, ಗಂಟಲು ಸರಿಮಾಡಿಕೊಂಡು, ಯಾವ ಡಿಕ್ಕಿಯ ಭಯವೂ ಇಲ್ಲದೆ, ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸುವಂತೆ ಹೇಳಿದರು: “ಹೋಗಬ್ಯಾಡ, ವೇದಾ.”